ಒಂದು ಸ್ಕ್ರೂ ಕಮ್ಮಿ

“ಮೊದ್ಲೇ ಒಂದು ಸ್ಕ್ರೂ ಕಮ್ಮಿ ಇತ್ತು. ಈಗ ಡಾಕ್ಟ್ರೇ ಹಾಕಿ ಕಳ್ಸಿದಾರೆ. ಇನ್ನಾದ್ರೂ ಬುದ್ಧಿ ಬರುತ್ತೇನೋ!”

ಗ್ಯಾರೇಜಿನಲ್ಲಿ ನೆಗ್ಗಿದ ತಗಡು ಬಡಿದು ನೇರ ಮಾಡುವ ಟಿಂಕರ್ ಇದನ್ನು ಗೊಣಗಿದ್ದು ಕಾರಿನ ಆಚೆ ಬದಿಯಲ್ಲಿ ಕೂತು. ಈಚೆ ಬದಿಯಲ್ಲಿ ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಮೆಕ್ಯಾನಿಕ್ ಹುಡುಗಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.

“ನಿಂಗಾದ್ರೆ ಹಾಕೋಕೂ ಜಾಗ ಇಲ್ಲ. ತಲೆ ತುಂಬಾ ತುಕ್ಕು!” ಎಂದಳು.

ಅವನು ಬೆಚ್ಚಿಬಿದ್ದ. ಎರಡು ವರ್ಷ ಅವಳೆದುರು ಗಂಟಲು ಹರಿದುಕೊಂಡು ಜಗಳವಾಡಿದವನು. ಗೊಣಗಾಟಕ್ಕೂ ಉತ್ತರ ಬಂದದ್ದು ಅದೇ ಮೊದಲು.

ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ಅವಳ ಕಿವಿಯೊಳಗಿನ ಪುಟ್ಟ ಮೂಳೆಗಳು ಕರಗಿಹೋಗಿದ್ದವು. ಒಳಕಿವಿ ಮಾತ್ರ ಗಟ್ಟಿಮುಟ್ಟಾಗಿತ್ತು. ಅದಕ್ಕೇ ಡಾಕ್ಟರು ಕಿವಿಯ ಹಿಂದಿನ ತಲೆಮೂಳೆಗೆ ಸಣ್ಣ ಸ್ಕ್ರೂ ಕೂರಿಸಿ, ಅದರ ಮೇಲೆ ಬಟನ್ನಿನಂತೆ ಕ್ಲಿಕ್ಕೆಂದು ಕೂರುವ ಯಂತ್ರ ಕೊಟ್ಟಿದ್ದರು. ಶಬ್ದ ಮೂಳೆಯಲ್ಲೇ ನಡುಗುತ್ತ ಒಳಗೆ ಹೋಗುತ್ತದೆ. ಅವಳಿಗೆ ಇದೇನು ಹೊಸ ವಿದ್ಯೆಯಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಯಾವ ಬೇರಿಂಗ್ ಸವೆದಿದೆಯೆಂದು ಥಟ್ಟನೆ ಹೇಳುತ್ತಿದ್ದವಳು ಅವಳು.

ಟಿಂಕರ್ ಸೇಡು ತೀರಿಸುವವನಂತೆ ಸುತ್ತಿಗೆಯೆತ್ತಿ ಕಾರಿನ ಬಾಗಿಲಿಗೆ ಎರಡೇಟು ಹಾಕಿದ. ಟಣ್, ಟಣ್. ಅವಳು ಯಂತ್ರ ಕಿತ್ತು, ಮುಷ್ಟಿಯಲ್ಲಿ ಹಿಡಿದು ಹೊರಗೋಡಿದಳು. ಕಣ್ಣಲ್ಲಿ ನೀರಿದ್ದದ್ದನ್ನು ಅವನು ನೋಡಿದ.

ಅಂದಿನಿಂದ ಅವನ ಬಾಯಿಗೆ ಬೀಗ. ಅವಳು ಒಳಗೆ ಬಂದರೆ ಸುತ್ತಿಗೆ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದ. ಎದುರು ಸಿಕ್ಕರೆ ಮುಖ ತಿರುವುತ್ತಿದ್ದ. ಹಾವು ಮುಂಗುಸಿಯಂತೆ ಕಚ್ಚಾಡಿದರೂ ಆ ಜಗಳಕ್ಕೊಂದು ರುಚಿಯಿತ್ತು. ಈ ಮೌನ ಅವಳನ್ನು ಸುಟ್ಟಿತು. ತಲೆಗೆ ಸ್ಕ್ರೂ ಹಾಕಿಸಿಕೊಂಡವಳೆಂದು ಅಸಹ್ಯವೇ ಇವನಿಗೆ?

ಮೂರನೇ ವಾರ ಗ್ಯಾರೇಜಿನ ಯಜಮಾನಿ, ಅವಳ ಸೋದರತ್ತೆ, ಹೇಳಿದಳು: “ಸೋಮವಾರದಿಂದ ಅವನು ಬೇರೆ ಕಡೆ ಕೆಲ್ಸಕ್ಕೆ ಹೋಗ್ತಾನಂತೆ. ಪೀಡೆ ತೊಲಗ್ತು, ಖುಷಿ ತಾನೇ ನಿಂಗೆ?”

ಅವಳು ನೆಟ್ಟಗೆ ಹಿತ್ತಿಲಿಗೆ ನಡೆದಳು. ಅವಳನ್ನು ಕಂಡದ್ದೇ ಅವನು ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿದ. ಅವನ ರೆಪ್ಪೆಯ ಮೇಲೆ, ತಗಡಿಗೆ ಮೆತ್ತಿ ಉಜ್ಜುವ ಪುಟ್ಟಿಯ ಬಿಳಿ ಪುಡಿ ಕೂತಿತ್ತು. ಒರೆಸಬೇಕೆನಿಸಿತು, ಹಾಗೆನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

“ಓಡಿ ಹೋಗ್ತಿದೀಯಾ, ಹೇಡಿ?”

“ಹೌದು. ನಿನ್ನ ಮುಖ ನೋಡಿ ನೋಡಿ ಸಾಕಾಗಿದೆ.”

“ಮುಖ ನೋಡ್ಕೊಂಡು ಹೇಳು.”

ಅವನು ನೋಡಲಿಲ್ಲ. “ನನ್ನ ಕಸುಬೇ ಸದ್ದು ಕಣೇ. ಎರಡೇಟಿಗೇ ಅತ್ತುಬಿಟ್ಟೆ. ಇಷ್ಟು ವರ್ಷಕ್ಕೆ ಕಿವಿ ಬಂದಿದೆ, ಅದರ ಮೇಲೆ ದಿನಾ ನನ್ನ ಸುತ್ತಿಗೆ ಬೀಳ್ಬೇಕಾ?”

“ನೋವಿಗೆ ಅತ್ತಿದ್ದು ಅಂತ ಯಾರೋ ನಿಂಗೆ ಹೇಳಿದ್ದು?”

ಅವನು ಈಗ ಅವಳತ್ತ ತಿರುಗಿ ನೋಡಿದ.

“ಎರಡು ವರ್ಷದಿಂದ ನೀನು ಬಾಗಿಲು ಬಡೀವಾಗೆಲ್ಲ ನಾನು ಸ್ಕ್ರೂಡ್ರೈವರ್ ಕಚ್ಕೊಂಡು ಅದೇ ಕಾರಿಗೆ ಅಂಟ್ಕೊಂಡಿರ್ತಿದ್ನಲ್ಲ, ಎಂಜಿನ್ ಓಡ್ತಿತ್ತಾ?”

ಅವನ ಹುಬ್ಬು ಗಂಟಿಕ್ಕಿತು. ಆಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು. “ಇಲ್ಲ... ಆಫ್ ಆಗಿರ್ತಿತ್ತು.”

“ಆಫ್ ಆಗಿರೋ ಎಂಜಿನ್ನಲ್ಲಿ ಏನು ಕೇಳ್ತಿದ್ದೆ ನಾನು, ದಡ್ಡಶಿಖಾಮಣಿ?” ಅವಳ ದನಿ ಒಡೆಯಿತು. “ನಿನ್ನ ಅದೇ ಸದ್ದು ಅವತ್ತು ಏನೂ ಕಚ್ಚದೇನೇ ಕೇಳಿಸ್ತು. ತಡ್ಕೊಳ್ಳೋಕಾಗ್ಲಿಲ್ಲ. ಅಷ್ಟೇ.”

ಸುತ್ತಿಗೆ ನೆಲಕ್ಕೆ ಬಿತ್ತು. ಅವನು ಹಣೆ ಚಚ್ಚಿಕೊಂಡ. “ಎಲ್ಲಾ ನನ್ನ ಹಣೆಬರಹ!”

“ಏನು ಬರ್ದಿದೆ ಅದ್ರಲ್ಲಿ?”

ಅವಳು ಯಂತ್ರವನ್ನು ಕ್ಲಿಕ್ಕೆಂದು ಬಿಚ್ಚಿ ಜೇಬಿಗಿಳಿಸಿದಳು. ಕಾಲ್ಬೆರಳ ಮೇಲೆ ನಿಂತು ತನ್ನ ಹಣೆಯನ್ನು ಅವನ ಹಣೆಗೆ ಒತ್ತಿದಳು.

“ಓದು.”

ಯಂತ್ರ ಬಿಚ್ಚಿದ್ದನ್ನು ಕಂಡವನಿಗೆ ಎರಡು ವರ್ಷದ ಅಭ್ಯಾಸ ಮರುಕಳಿಸಿತು. ಗಂಟಲು ಹರಿಯುವಂತೆ ಕೂಗಿದ: “ನೀನಂದ್ರೆ ನಂಗೆ ಪ್ರಾಣ ಕಣೇ!”

ಒಳಗೆ ಅತ್ತೆಯ ಕೈಯಿಂದ ಸ್ಪ್ಯಾನರ್ ಬಿತ್ತು. ಅವಳಿಗೆ ಅದು ಕೇಳಿಸಲಿಲ್ಲ. ಹಣೆಯಿಂದ ಬಂದದ್ದು ಮಾತ್ರ ಹಲ್ಲಿನ ತನಕ ಇಳಿಯಿತು.

“ಕಿರುಚ್ಬೇಡ್ವೋ,” ಎಂದಳು ಹಣೆ ತೆಗೆಯದೆ. “ಇಷ್ಟು ಹತ್ರ ಇದ್ರೆ ಗೊಣಗಿದ್ರೂ ಕೇಳ್ಸುತ್ತೆ.”