ಹಿಂದೆ ತಿರುಗಿದ ಕೊಕ್ಕರೆ

ಎರಡು ಸಲ ರೇಷ್ಮೆ ಸಿಕ್ಕಿದ ಹುಡುಗಿಯನ್ನು ನೋಡಲು ಬರುವ ಮೂರನೆಯವನು ಪೆದ್ದನಿರಬೇಕು, ಇಲ್ಲವೇ ಕುರುಡನಿರಬೇಕು ಎಂದುಕೊಂಡೇ ನಾನು ಕೆರೆದಂಡೆಯ ಚಹಾದಂಗಡಿಗೆ ಹೋಗಿದ್ದೆ.

ನಮ್ಮ ಲಿನ್‌ಆನ್ ನಗರದಲ್ಲಿ ಗಂಡು ಒಪ್ಪಿದರೆ ಹೆಣ್ಣಿನ ತುರುಬಿಗೆ ಚಿನ್ನದ ಕಡ್ಡಿ ಸಿಗಿಸುತ್ತಾನೆ. ಒಪ್ಪದಿದ್ದರೆ, ಸಮಾಧಾನಕ್ಕೆಂದು ಎರಡು ಥಾನು ರೇಷ್ಮೆ ಇಟ್ಟು ಎದ್ದು ಹೋಗುತ್ತಾನೆ. ಈ ಸಲವೂ ರೇಷ್ಮೆಯೇ ಬಂದರೆ, ಚಿಕ್ಕಪ್ಪ ನನ್ನನ್ನು ಅರವತ್ತರ ಉಪ್ಪಿನ ವ್ಯಾಪಾರಿಗೆ ಎರಡನೆಯವಳಾಗಿ ಕೊಡುವುದು ಖಚಿತವಾಗಿತ್ತು.

ಆದರೆ ಬಂದ ಬೋಯಾನ್ ಕುರುಡನಲ್ಲ. ಬಟ್ಟಲಿನ ಅಂಚಿನ ಮೇಲಿಂದ ಕದ್ದು ನೋಡುತ್ತಿದ್ದ. ನಾನು ನೋಡಿದೊಡನೆ ಚಹಾದೊಳಗೆ ಏನೋ ಬಿದ್ದಂತೆ ಹುಡುಕುತ್ತಿದ್ದ. ನನಗೆ ನಗುವೂ ಬಂತು, ಭಯವೂ ಆಯಿತು. ಹಾಳಾದ ಹುಡುಗ ಇಷ್ಟವಾಗಿಬಿಟ್ಟಿದ್ದ.

“ಎಲ್ಲಿ, ಕೈ ತೋರಿಸಮ್ಮ ಜಿಂಗ್‌ಶು,” ಎಂದರು ಅವನ ತಾಯಿ.

ತೋರಿಸಿದೆ. ರೇಷ್ಮೆಗೂಡು ಬೇಯಿಸುವ ಬಿಸಿನೀರಲ್ಲಿ ಬೆಂದು, ಮಗ್ಗದಲ್ಲಿ ಸವೆದ ಕೈ.

“ಅಯ್ಯೋ, ಇದೇನು ಹೆಣ್ಣಿನ ಕೈಯಾ, ಅಂಬಿಗನ ಕೈಯಾ?”

ಮಗನ ಮಾತಿಗೂ ಕಾಯದೆ ಬುಟ್ಟಿಯಿಂದ ಎರಡು ಥಾನು ತೆಗೆದು ನನ್ನ ಮುಂದಿಟ್ಟರು.

ಅಳಬಾರದೆಂದು ತಲೆ ತಗ್ಗಿಸಿದೆ. ಕಣ್ಣು ರೇಷ್ಮೆಯ ಮೇಲೆ ಬಿತ್ತು. ಸಾಲು ಸಾಲು ಕೊಕ್ಕರೆ. ಎಲ್ಲವೂ ಮುಂದೆ ಹಾರುತ್ತಿದ್ದರೆ ಒಂದು ಮಾತ್ರ ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು. ನಗು ತಡೆಯಲಾಗಲಿಲ್ಲ.

“ಯಾಕಮ್ಮ ನಗು?”

“ಇದನ್ನ ನೇಯ್ದಿದ್ದು ಇದೇ ಅಂಬಿಗನ ಕೈ, ಅಮ್ಮಾ.”

ಬೋಯಾನ್ ದಡಕ್ಕನೆ ಎದ್ದ. ಬಟ್ಟಲು ಉರುಳಿತು. “ನೀವಾ? ಈ ಕೊಕ್ಕರೆ ನೇಯ್ದೋರು ಯಾರು ಅಂತ ಮೂರು ಅಂಗಡಿ ಸುತ್ತಿದೀನಿ! ಯಾರೋ ಮುದುಕ ಅಂದ್ರು.”

“ಮುದುಕನೇ ಬೇಕಿತ್ತಾ?”

“ಬೇಡ ಬೇಡ!” ಅವನ ಕಿವಿ ಕೆಂಪಾಯಿತು. “ಅದು ಯಾರನ್ನ ನೋಡ್ತಿದೆ ಅಂತ ಕೇಳ್ಬೇಕಿತ್ತು.”

“ಹಿಂದೆ ಬರೋರನ್ನ. ತಡವಾಗಿ ಬರೋರೂ ಇರ್ತಾರಲ್ಲ.”

“ಬೋಯಾನ್, ಕೂತ್ಕೋ,” ತಾಯಿ ಗದರಿದರು. “ರೇಷ್ಮೆ ಇಟ್ಟಾಯ್ತು.”

“ಇಟ್ಟಿದ್ದು ನೀವಮ್ಮ. ನೋಡೋಕೆ ಬಂದಿದ್ದು ನಾನು.” ಅಂಗಿಯ ತೋಳಿನೊಳಗಿಂದ ಚಿನ್ನದ ಕಡ್ಡಿ ತೆಗೆದ.

ಕಡ್ಡಿ ತುರುಬಿಗೆ ತಾಕುವ ಮೊದಲೇ ಕೇಳಿಯೇಬಿಟ್ಟೆ. “ನಾನು ಬಂದ್ರೆ ಮಗ್ಗಾನೂ ಬರುತ್ತೆ. ಒಪ್ಪಿಗೆನಾ?”

“ಮಗ್ಗ ಮೊದಲು ಬರ್ಲಿ. ಅದರ ಹಿಂದೆ ನೀವು ಬನ್ನಿ.”

ಅವನು ಸಿಗಿಸಿದ ಕಡ್ಡಿ ನನ್ನ ತುರುಬಿನಲ್ಲಿ ವಾರೆಯಾಗಿ ಕೂತಿತು. ನಾನದನ್ನು ಸರಿಮಾಡಲಿಲ್ಲ.

ಅವನ ತಾಯಿ ನಿಟ್ಟುಸಿರು ಬಿಟ್ಟು ಥಾನುಗಳತ್ತ ಕೈ ಚಾಚಿದರು. “ಸರಿ, ಹಾಗಾದ್ರೆ ಇದನ್ನ ಇತ್ತ ಕೊಡು.”

ಎರಡನ್ನೂ ಎದೆಗವಚಿಕೊಂಡೆ. “ಇಟ್ಟ ರೇಷ್ಮೆ ವಾಪಸ್ ತಗೊಳ್ಳೋ ಪದ್ಧತಿ ಇಲ್ವಲ್ಲ, ಅತ್ತೆ!”

ದುರುಗುಟ್ಟಿ ನೋಡಿದವರು ಬೀಸಣಿಗೆ ಅಡ್ಡ ಹಿಡಿದು ನಕ್ಕೇಬಿಟ್ಟರು. ಕಡ್ಡಿಯನ್ನೂ ರೇಷ್ಮೆಯನ್ನೂ ಒಂದೇ ದಿನ ಗೆದ್ದು ಮನೆಗೆ ಹೋದ ಹೆಣ್ಣು ಲಿನ್‌ಆನ್‌ನಲ್ಲಿ ನಾನೊಬ್ಬಳೇ.