ಬೇಕಾದ್ದಕ್ಕಿಂತ ಗಟ್ಟಿ ಆಯಿಲ್

ಬೆಳಗ್ಗೆ ಏಳು ಗಂಟೆ. ರೇಸ್ ಕಾರಿನಲ್ಲಿ ತಪ್ಪು ಎಂಜಿನ್ ಆಯಿಲ್ ಇತ್ತು. ಹಾಕಿದವಳು ಟ್ರ್ಯಾಕ್ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್. ಆಯಿಲ್ ಆರಿಸುವುದರಲ್ಲಿ ಅವಳು ಎಡವಿದ್ದನ್ನು ಅಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಎರಡು ಸುತ್ತು ಓಡಿಸಿ ಬಂದ ಡ್ರೈವರ್ ಹೆಲ್ಮೆಟ್ ತೆಗೆದ. ಹತ್ತು ಗಂಟೆಗೆ ಆಯ್ಕೆಯ ಸುತ್ತು. ಹಿಂದೆ ಬಿದ್ದರೆ ತಂಡದಲ್ಲಿ ಅವನಿಗೆ ಜಾಗವಿಲ್ಲ.

"ಮೇಡಂ, ಗಾಡಿ ಯಾಕೋ ಭಾರ. ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಮೇಲೇ ನಿಂತಿದೆ. ಏನು ಹಾಕಿದ್ರಿ?"

"ಆಯಿಲ್."

"ಅದು ಗೊತ್ತು. ಯಾವ್ದು?"

ಅವಳು ಸ್ಪ್ಯಾನರ್ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "10W-60."

ಕೊನೆಯ ಅಂಕಿ ದೊಡ್ಡದಾದಷ್ಟೂ ಬಿಸಿಯಲ್ಲಿ ಆಯಿಲ್ ಗಟ್ಟಿ.

"ಈ ಎಂಜಿನ್‌ಗೆ 5W-40 ಅಂತ ಪಾಠ ಹೇಳಿದ್ದು ಯಾರು? ಬೇರಿಂಗ್ ಸಂದು ಸಣ್ಣದು, ಗಟ್ಟಿ ಆಯಿಲ್ ಸುಮ್ನೆ ಪವರ್ ತಿನ್ನುತ್ತೆ ಅಂತ ಬೈದಿದ್ದು ಯಾರು?"

"ಕೇಳಿಸ್ಕೊಂಡಿದ್ರಾ? ಪರವಾಗಿಲ್ವೇ!"

ಮೂಲೆಯಲ್ಲಿ ಟಯರ್ ನೋಡುತ್ತಿದ್ದ ಅವಳ ಅಪ್ಪ ತಲೆ ಎತ್ತಲಿಲ್ಲ. "ಹೋದ ವಾರ ಎಂಜಿನ್ ಜಾಮಾಗಿ ಒಬ್ಬನ ಗಾಡಿ ಗೋಡೆಗೆ ಹೊಡೀತಲ್ಲ, ಆವತ್ತಿಂದ ಇವಳಿಗೆ ನಿದ್ದೆ ಇಲ್ಲ ಕಣಪ್ಪಾ. ಬಿಸಿಗೆ ಆಯಿಲ್ ನೀರಾದ್ರೆ ಅಂತ ಒಂದೇ ವರಾತ. ಇಲ್ಲಿ ಆರು ಗಾಡಿ ಇವೆ. ಗಟ್ಟಿ ಆಯಿಲ್ ನಿನ್ನ ಗಾಡಿಗೆ ಮಾತ್ರ."

"ಅಪ್ಪಾ!"

ಅವಳ ಮುಖ ಕೆಂಪಾಯಿತು. ಕೆನ್ನೆಯ ಮೇಲಿನ ಗ್ರೀಸ್ ಗೆರೆ ಇನ್ನಷ್ಟು ಎದ್ದು ಕಂಡಿತು. ಡ್ರೈವರ್ ನಗು ತಡೆಯಲು ಹೋಗಿ ಸೋತ.

"ಹಾಗಾದ್ರೆ ಲೆಕ್ಕ ತಪ್ಪಿದ್ದಲ್ಲ."

"ಲೆಕ್ಕ ಸರೀನೇ ಇತ್ತು. ಕೈ ಹೆದರ್ತು." ಅವಳು ಸ್ಪ್ಯಾನರ್ ಕೆಳಗಿಟ್ಟಳು. "ನಿಮಗೇನಾದ್ರೂ ಆದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

"ಜೀವನ ಪೂರ್ತಿ ನನ್ನ ಹತ್ರಾನೇ ಆಡಿ. ನಾನು ಅದನ್ನ ಕೇಳೋಕೆ ಧೈರ್ಯ ಇಲ್ದೆ ವಾರಕ್ಕೆರಡು ಸಲ ಆಯಿಲ್ ಚೆಕ್ ಮಾಡಿಸ್ತಿದ್ದೆ. ಈಗ ಮಾತ್ರ 5W-40 ಹಾಕಿ. ನೀವು ಹೆದರದೆ ಆರಿಸಿದ್ದು ಅದು. ಅದನ್ನ ನಂಬ್ಕೊಂಡೇ ಓಡಿಸ್ತೀನಿ."

ಅವಳು ಕಾರಿನಡಿ ಜಾರಿದಳು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದ. ಬಿಸಿ ಆಯಿಲ್ ಟ್ರೇಗೆ ನಿಧಾನವಾಗಿ ಇಳಿಯಿತು.

"ಬೋಲ್ಟ್ ಮೇಲೆ ಹಿಡೀರಿ, ನನ್ನ ಮುಖದ ಮೇಲಲ್ಲ."

"ಬೋಲ್ಟ್ ಎಲ್ಲಿದೆ ಅಂತ ನಿಮಗೆ ಗೊತ್ತಲ್ಲ."

ಹತ್ತು ಗಂಟೆಗೆ ಅವನು ಹೊರಟ. ಮೂರನೆಯವನಾಗಿ ಬಂದ, ತಂಡದಲ್ಲಿ ಜಾಗ ಸಿಕ್ಕಿತು. ಮಧ್ಯಾಹ್ನ ಅಪ್ಪ ಊಟಕ್ಕೆ ಮೂರು ತಟ್ಟೆ ಹಾಕಿದರು.