ಒಂದು ಬಾರದು, ಒಂದು ಬಹುದು

"ತಲೆ ತಗ್ಗಿಸಿ ಸಾರ್!"

ಫಳಾರ್! ಕಾರಿನ ಹಿಂದಿನ ಗಾಜು ಚೂರುಚೂರು.

ಮೇಷ್ಟ್ರು ತಲೆ ತಗ್ಗಿಸಲಿಲ್ಲ. ಹಿಂದಕ್ಕೆ ತಿರುಗಿ, ಕಲ್ಲು ಎಸೆಯುತ್ತಿದ್ದ ಜನರನ್ನು ಎಣಿಸತೊಡಗಿದರು!

"ಇನ್ನೂರು ಜನ ಇರಬಹುದು, ಅಲ್ವೇನಪ್ಪಾ?"

"ಆಮೇಲೆ ಎಣಿಸೋಣ ಸಾರ್... ಬದುಕಿದ್ರೆ!"

ನಾನು ಅವರ ಬಾಡಿಗಾರ್ಡ್, ಡ್ರೈವರೂ ನಾನೇ. ಅವರು ಸರ್ಕಾರದ ಆರ್ಥಿಕ ಸಲಹೆಗಾರರು. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು. ಅವರ ಲೇಖನವೊಂದನ್ನು ಓದಿ ಮೆಚ್ಚಿ ಮಂತ್ರಿಗಳೇ ಕರೆಸಿಕೊಂಡಿದ್ದರು.

ಅರ್ಧ ಓದಿದ್ದರೆಂದು ಕಾಣುತ್ತದೆ. ಪೂರ್ತಿ ಓದಿದ್ದರೆ ಕರೆಯುತ್ತಿರಲಿಲ್ಲ.

ಅವತ್ತು ಬೆಳಗಿನ ಪೇಪರಿನಲ್ಲಿ ಸುದ್ದಿ: ಸಲಹೆಗಾರರ ವರದಿ, ನಲವತ್ತು ಬಸ್ ರೂಟ್ ಬಂದ್! ಅದಕ್ಕೇ ಈ ಕಲ್ಲು.

"'ಮುಚ್ಚಬಾರದು' ಅಂತ ಬರೆದಿದ್ದೆ ಕಣಪ್ಪಾ. ಮಂತ್ರಿಗಳ ಕಾರ್ಯದರ್ಶಿ ಟೈಪ್ ಮಾಡಿಸಿದಾಗ 'ಮುಚ್ಚಬಹುದು' ಆಗಿಬಿಟ್ಟಿದೆ!"

ಆ ರೂಟುಗಳಲ್ಲೆಲ್ಲ ಕಾರ್ಯದರ್ಶಿಯ ಭಾಮೈದನ ವ್ಯಾನುಗಳು ಓಡುತ್ತವೆ. ಅರ್ಥವಾಯಿತಲ್ಲ?

"ನೀವು ಬರೆದದ್ದು ಎಲ್ಲಿದೆ ಸಾರ್?"

ಮೇಷ್ಟ್ರು ಎದೆಗೆ ಅವಚಿಕೊಂಡಿದ್ದ ಬ್ಯಾಗ್ ತಟ್ಟಿದರು. ಹನ್ನೊಂದಕ್ಕೆ ಇದೇ ವಿಷಯಕ್ಕೆ ಸಂಪುಟ ಸಭೆ. ಆಗ ಹತ್ತೂವರೆ.

ನನ್ನ ಫೋನ್ ಬಡಿದುಕೊಂಡಿತು. ಕಾರ್ಯದರ್ಶಿ!

"ಆ ಬ್ಯಾಗ್ ನನಗೆ ತಂದುಕೊಡು. ನಿನ್ನ ಪ್ರಮೋಷನ್ ನಾನು ನೋಡ್ಕೋತೀನಿ."

"ಕೊಡದಿದ್ರೆ?"

"ಬೈಕಲ್ಲಿ ಇಬ್ರು ಬರ್ತಿದ್ದಾರೆ. ಅವರೇ ಹೇಳ್ತಾರೆ."

ಕನ್ನಡಿ ನೋಡಿದೆ. ಬಂದೇಬಿಟ್ಟಿದ್ದರು!

ಮುಂದೆ ಟ್ರಾಫಿಕ್ ಜಾಮ್. ಬಾಗಿಲು ಒದ್ದು ಮೇಷ್ಟ್ರನ್ನು ಹೊರಗೆಳೆದೆ.

"ಓಡಿ ಸಾರ್!"

"ಯಾವ ಕಡೆ?"

"ಅವರಿಲ್ಲದ ಕಡೆ!"

ಹೊರಟಿದ್ದ ಬಸ್ಸಿಗೆ ನೆಗೆದೆವು. ಬೈಕಿನವರೂ ನೆಗೆದರು. ಒಬ್ಬನ ಕೈಯಲ್ಲಿ ಚಾಕು...

ಕಂಡಕ್ಟರಮ್ಮ ಅಡ್ಡ ನಿಂತಳು.

"ಮೊದಲು ಟಿಕೆಟ್ ತಗೋ. ಆಮೇಲೆ ಚುಚ್ಚು!"

ಅಷ್ಟರಲ್ಲಿ ಅವಳ ಕಣ್ಣು ಮೇಷ್ಟ್ರ ಮೇಲೆ ಬಿತ್ತು.

"ಪೇಪರಲ್ಲಿ ಫೋಟೋ ಬಂದಿತ್ತಲ್ಲ... ನಮ್ಮ ರೂಟ್ ಮುಚ್ಚೋರು ನೀವೇ ತಾನೇ ಯಜಮಾನ್ರೇ?"

ಇಡೀ ಬಸ್ಸು ಎದ್ದು ನಿಂತಿತು!

ಮೇಷ್ಟ್ರು ಚಾಕುವಿನ ಕಡೆ ನೋಡಲೂ ಇಲ್ಲ. ಬ್ಯಾಗಿನಿಂದ ಹಾಳೆ ತೆಗೆದು ಅವಳಿಗೆ ಕೊಟ್ಟರು.

"ಜೋರಾಗಿ ಓದಮ್ಮಾ."

ಓದಿದಳು. "...ಈ ರೂಟುಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು."

"ಇದು ಸಂಪುಟ ಸಭೆಗೆ ತಲುಪಬಾರದು ಅಂತಲೇ ಇವರು ಬಂದಿರೋದು!" ಎಂದೆ ನಾನು. ಆಮೇಲೆ ಎಲ್ಲರೂ ನಿಧಾನಕ್ಕೆ ಚಾಕುವಿನವನ ಕಡೆ ತಿರುಗಿದರು.

ನಾನು ಕೈ ಎತ್ತುವ ಪ್ರಮೇಯವೇ ಬರಲಿಲ್ಲ. ಸಿಗ್ನಲ್ಲಿನಲ್ಲಿ ಇಬ್ಬರೂ ಕಿಟಕಿಯಿಂದ ಇಳಿದರು. ತಾವಾಗಿ ಅಲ್ಲ!

"ಅಣ್ಣಾ, ಸೀದಾ ಸಭೆ ಹತ್ರ ಬಿಡು, ಇನ್ನೆಲ್ಲೂ ನಿಲ್ಲಿಸ್ಬೇಡ!" ಡ್ರೈವರಿಗೆ ಕೂಗಿದಳು ಕಂಡಕ್ಟರಮ್ಮ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಮೇಷ್ಟ್ರು ಸಭೆಗೆ ನುಗ್ಗಿದರು. ರೂಟುಗಳು ಉಳಿದವು. 'ಟೈಪಿಂಗ್ ತಪ್ಪು' ಎಂದು ಕಾರ್ಯದರ್ಶಿ ನಕ್ಕ.

ಸಂಜೆಯೇ ಮೇಷ್ಟ್ರನ್ನು ಕಿತ್ತುಹಾಕಿದರು. ಕಾರಣ: ಅವರ ಅನಾರೋಗ್ಯ! ಅವರಿಗೇ ಗೊತ್ತಿರಲಿಲ್ಲ.

ವಾರದ ನಂತರ ಕಾಲೇಜಿಗೆ ಹೋದೆ. ಮೇಷ್ಟ್ರು ಪಾಠ ಮಾಡುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು. ನನ್ನನ್ನು ಕಂಡು ಖುಷಿಯಾಗಿ, "ಬಾಪ್ಪಾ, ಮುಂದೇನೇ ಕೂತ್ಕೋ" ಎಂದರು.

ಕೂತೆ.

ಮೈಮೇಲೆ ಮೂರು ಚೂರಿ ಗಾಯ, ಒಂದು ಗುಂಡಿನ ಗುರುತು ಇರುವವನು ನಾನು. ಯಾವತ್ತೂ ಪ್ರಜ್ಞೆ ತಪ್ಪಿದವನಲ್ಲ.

ಮೇಷ್ಟ್ರು ಹನ್ನೆರಡೇ ನಿಮಿಷದಲ್ಲಿ ನನ್ನನ್ನು ಮಲಗಿಸಿಬಿಟ್ಟರು!